ಸೈಕಲ್ ಬಿಚ್ಚಿ ಘರ್ಷಣೆ ಕಲಿಸುವುದು: ನನ್ನ ಅನುಭವ

ಎಂಟನೇ ತರಗತಿಗೆ ಘರ್ಷಣೆ ಪಾಠ ಬಂದಾಗ ನಾನು ಪುಸ್ತಕಕ್ಕಿಂತ ಮೊದಲು ಒಂದು ಸೈಕಲ್ ತರಿಸುತ್ತೇನೆ. ಹೊಸದು ಬೇಡ. ಚೈನ್ ತುಕ್ಕು ಹಿಡಿದು ಕಿರುಗುಟ್ಟುವ, ಟೈರಿನಲ್ಲಿ ಗಾಳಿ ಕಮ್ಮಿ ಇರುವ, ಬ್ರೇಕ್ ಹಿಡಿದರೆ ಕೂಗುವ ಸೈಕಲ್ಲೇ ಒಳ್ಳೆಯದು. ಅಂಥದ್ದನ್ನು ಹುಡುಕೋದು ಕಷ್ಟವೇನಲ್ಲ. ನಮ್ಮ ಶಾಲೆ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಮಕ್ಕಳು ದೂರದೂರದ ಮನೆಗಳಿಂದ ಏರು ಇಳಿಜಾರಿನ ದಾರಿಯಲ್ಲಿ ಬರುತ್ತಾರೆ. ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದ್ದು 2006-07ರಲ್ಲಿ. ಸೈಕಲ್ ಸಿಗುತ್ತಿದ್ದದ್ದೂ ಎಂಟನೇ ತರಗತಿಯಲ್ಲಿ, ಘರ್ಷಣೆ ಪಾಠ ಬರುತ್ತಿದ್ದದ್ದೂ ಎಂಟನೇ ತರಗತಿಯಲ್ಲಿ. ಹೀಗೆ ಎರಡೂ ತಾನಾಗಿ ಕೂಡಿ ಬಂದಿರುವಾಗ ಬಿಡೋದು ಹೇಗೆ? ಆ ಸೈಕಲ್‌ಗಳಲ್ಲಿ ಎಷ್ಟೋ ಈಗಲೂ ಅಣ್ಣನಿಂದ ತಂಗಿಗೆ, ಅಕ್ಕನಿಂದ ತಮ್ಮನಿಗೆ ದಾಟಿ ಓಡಾಡುತ್ತಿವೆ.

ನಾನು ವಿಜ್ಞಾನ ಕಲಿಸುವವಳು. ನಮ್ಮಪ್ಪನಿಗೆ ಸೈಕಲ್ ಶಾಪ್ ಇತ್ತು. ಪಂಕ್ಚರ್ ಹಾಕೋದು, ಚಕ್ರದ ಬೆಂಡ್ ತೆಗೆಯೋದು, ಹಬ್ ಬಿಚ್ಚಿ ಗ್ರೀಸ್ ತುಂಬೋದು ಇವನ್ನೆಲ್ಲ ನೋಡುತ್ತಾ, ಆಮೇಲೆ ಕೈ ಹಾಕುತ್ತಾ ಬೆಳೆದೆ. ಘರ್ಷಣೆಯ ಬಗೆಗಳನ್ನು ನಾನು ಮೊದಲು ಕಲಿತದ್ದು ಅಲ್ಲೇ. ಅವುಗಳ ಹೆಸರು ಗೊತ್ತಾದದ್ದು ಕಾಲೇಜಿಗೆ ಹೋದ ಮೇಲೆ.

ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡುವ ಒಂದು ಸಾಲಿದೆ: ಘರ್ಷಣೆ ಒಂದು ಅನಿವಾರ್ಯ ಅನಿಷ್ಟ. ಈ ಸಾಲು ನನಗೆ ಹಿಡಿಸುವುದೇ ಇಲ್ಲ. ಇದನ್ನು ಬರೆದ ಮಗುವಿಗೆ ಎರಡು ಅಂಕ ಸಿಗುತ್ತದೆ, ಆದರೆ ಸೈಕಲ್ ಚೈನಿಗೆ ಹಾಕುವ ಎಣ್ಣೆಯನ್ನು ಬ್ರೇಕ್ ಕೂಗುತ್ತದೆ ಅಂತ ರಿಮ್‌ಗೂ ಹಾಕಿಬಿಡುತ್ತದೆ. ಮಲೆನಾಡಿನ ಇಳಿಜಾರಿನಲ್ಲಿ ಅದು ಹಲ್ಲು ಮುರಿಯುವ ಕೆಲಸ. ಒಂದೇ ಚಕ್ರದಲ್ಲಿ ನಡುವಿನ ಹಬ್‌ಗೆ ಗ್ರೀಸ್ ಬೇಕೇ ಬೇಕು, ಅಂಚಿನ ರಿಮ್‌ಗೆ ಒಂದು ಹನಿಯೂ ಬೀಳಬಾರದು. ಯಾಕೆ? ಅಲ್ಲಿರುವ ಘರ್ಷಣೆಯ ಬಗೆಯೇ ಬೇರೆ, ಇಲ್ಲಿರುವುದೇ ಬೇರೆ, ಅವು ಮಾಡಬೇಕಾದ ಕೆಲಸವೂ ಬೇರೆ. ಎಲ್ಲಿ ಯಾವುದು ಅಂತ ಮಗುವಿಗೆ ಕೈಯಲ್ಲೇ ಗೊತ್ತಾಗಬೇಕು. ನನ್ನ ಪಾಠದ ಗುರಿ ಅಷ್ಟೇ.

ಆದರೂ ಸೈಕಲ್ಲಿಗೆ ಕೈ ಹಾಕುವ ಮೊದಲು ಒಂದು ಇಟ್ಟಿಗೆ ಎಳೆಸುತ್ತೇನೆ. ಬೇಕಾಗುವುದು ಇಟ್ಟಿಗೆ, ದಾರ, ಐದು ಕಿಲೋ ತೂಗುವ ಸ್ಪ್ರಿಂಗ್ ತಕ್ಕಡಿ. ತಕ್ಕಡಿ ಶಾಲೆಯ ಲ್ಯಾಬಿನಲ್ಲಿ ಇಲ್ಲದಿದ್ದರೆ ಸಂತೆಯಲ್ಲಿ ಸಿಗುತ್ತದೆ. ಸುಮಾರು ಮೂರು ಕಿಲೋ ತೂಕದ ಇಟ್ಟಿಗೆಯನ್ನು ಸಿಮೆಂಟ್ ನೆಲದ ಮೇಲಿಟ್ಟು, ತಕ್ಕಡಿ ಸಿಕ್ಕಿಸಿ ಮೆಲ್ಲಗೆ ಎಳೆಯಬೇಕು. ಮುಳ್ಳು ಒಂದು ಕಿಲೋ ದಾಟುತ್ತದೆ, ಇಟ್ಟಿಗೆ ಅಲ್ಲಾಡಲ್ಲ. ಒಂದೂವರೆ, ಆಗಲೂ ಇಲ್ಲ. ಎರಡು ಕಿಲೋ ಹತ್ತಿರ ಬಂದಾಗ ಥಟ್ಟನೆ ಬಿಟ್ಟುಕೊಂಡು ಮುಂದೆ ಬರುತ್ತದೆ. ಹೊರಟ ಕೂಡಲೇ ಮುಳ್ಳು ಒಂದೂವರೆ ಕಿಲೋ ಆಸುಪಾಸಿಗೆ ಇಳಿದುಬಿಡುತ್ತದೆ.

ಈ ಇಳಿಯೋದನ್ನು ಪ್ರತಿ ಮಗುವೂ ನೋಡಬೇಕು. ಒಬ್ಬರು ಎಳೆದು ಉಳಿದವರು ಸುತ್ತ ನಿಂತು ನೋಡಿದರೆ ಪ್ರಯೋಜನವಿಲ್ಲ. ಎಳೆಯುವ ಕೈಗೇ ಅದು ಗೊತ್ತಾಗುವುದು. ಕದಲುವ ತನಕ ಹಿಡಿದಿಡುವುದು ಸ್ಥಾಯಿ ಘರ್ಷಣೆ. ಕದಲಿದ ಮೇಲೆ ಎದುರಾಗುವುದು ಜಾರು ಘರ್ಷಣೆ. ಮೊದಲನೆಯದರ ಗರಿಷ್ಠ ಮಿತಿ ಎರಡನೆಯದಕ್ಕಿಂತ ಸಾಮಾನ್ಯವಾಗಿ ಜಾಸ್ತಿ. ಇನ್ನೊಂದು ವಿಷಯವನ್ನೂ ಮಕ್ಕಳು ತಾವೇ ಹೇಳುತ್ತಾರೆ: ನಾವು ಅರ್ಧ ಕಿಲೋ ಎಳೆದರೆ ನೆಲವೂ ಅರ್ಧ ಕಿಲೋದಷ್ಟೇ ತಡೆಯುತ್ತದೆ, ಒಂದು ಕಿಲೋ ಎಳೆದರೆ ಒಂದು ಕಿಲೋದಷ್ಟು. ಸ್ಥಾಯಿ ಘರ್ಷಣೆ ಒಂದು ನಿಗದಿಯಾದ ಬಲ ಅಲ್ಲ. ಎಳೆದಷ್ಟಕ್ಕೆ ಸರಿಯಾಗಿ ಎದುರು ನಿಂತು, ತನ್ನ ಮಿತಿ ಮುಗಿದ ಮೇಲೆ ಬಿಟ್ಟುಕೊಡುತ್ತದೆ.

ಆಮೇಲೆ ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಎಳೆಯಿರಿ ಅನ್ನುತ್ತೇನೆ. ನೆಲಕ್ಕೆ ತಾಗುವ ಮೈ ಕಮ್ಮಿಯಾಯಿತಲ್ಲ, ಹಗುರ ಆಗಬೇಕು ಅಂತ ಎಲ್ಲರೂ ಹೇಳುತ್ತಾರೆ. ಮುಳ್ಳು ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತದೆ. ಫ್ರಾನ್ಸಿನ ಗಿಯೋಮ್ ಅಮೊಂಟೊ 1699ರಲ್ಲಿ ಹೇಳಿದ ನಿಯಮ ಇದೇ. ಘರ್ಷಣೆ ಒತ್ತುವ ಭಾರವನ್ನು ಅವಲಂಬಿಸಿದೆ, ತಾಗುವ ಮೈಯ ಅಗಲವನ್ನಲ್ಲ. ಕಣ್ಣಿಗೆ ಇಡೀ ಮೈ ತಾಗಿದಂತೆ ಕಂಡರೂ ನಿಜವಾಗಿ ತಾಗುವುದು ಅಲ್ಲೊಂದು ಇಲ್ಲೊಂದು ಉಬ್ಬು ಮಾತ್ರ. ಅಗಲವಾಗಿ ಮಲಗಿಸಿದರೆ ಭಾರ ಹಂಚಿಹೋಗಿ ಪ್ರತಿ ಉಬ್ಬಿನ ಮೇಲೂ ಒತ್ತಡ ಕಮ್ಮಿ. ನಿಲ್ಲಿಸಿದರೆ ಜಾಗ ಚಿಕ್ಕದು, ಒತ್ತಡ ಜಾಸ್ತಿ. ಕೊನೆಗೆ ಲೆಕ್ಕ ಒಂದೇ ಆಗುತ್ತದೆ. ರಬ್ಬರಿನಂಥ ಮೆತ್ತನೆಯ ವಸ್ತುವಿಗೆ ಈ ನಿಯಮ ಇಷ್ಟು ಚೆನ್ನಾಗಿ ಹೊಂದುವುದಿಲ್ಲ, ಅದನ್ನೂ ಹೇಳಿಯೇ ಮುಂದೆ ಹೋಗುತ್ತೇನೆ.

ಒತ್ತಿದಷ್ಟೂ ಹಿಡಿತ ಜಾಸ್ತಿ ಅನ್ನೋದಕ್ಕೆ ನಮ್ಮ ಮಕ್ಕಳಿಗೆ ಬೇರೆ ಪುರಾವೆ ಬೇಕಿಲ್ಲ. ಅಡಿಕೆ ಮರ ಹತ್ತುವ ಕೊನೆಗಾರರನ್ನು ದಿನಾ ನೋಡುತ್ತಾರೆ. ಕಾಲಿಗೆ ತಳೆ ಅನ್ನುವ ಬಳೆಯಂಥ ಕಟ್ಟು ಹಾಕಿಕೊಂಡು, ಎರಡೂ ಪಾದಗಳಿಂದ ಮರವನ್ನು ಅದುಮಿ ಹಿಡಿಯುವುದರಿಂದಲೇ ಅವರ ಮೈಭಾರ ಅಲ್ಲಿ ನಿಲ್ಲುವುದು. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಮದ್ದು ಹೊಡೆಯೋಕೆ ಮಳೆ ಬಿಟ್ಟು ಹೊಳವಾಗುವ ತನಕ ಕಾಯುವುದಕ್ಕೆ ಮದ್ದು ತೊಳೆದುಹೋಗುತ್ತದೆ ಅನ್ನುವುದು ಒಂದು ಕಾರಣ, ಮರ ಜಾರುತ್ತದೆ ಅನ್ನುವುದು ಇನ್ನೊಂದು. ಒಂದು ವರ್ಷ ಕೊನೆಗಾರರ ಮಗನೊಬ್ಬ ತರಗತಿಯಲ್ಲೇ ಎದ್ದು ನಿಂತು, ಅಪ್ಪ ಕಾಲು ಹೇಗೆ ಒತ್ತುತ್ತಾರೆ ಅಂತ ಕಂಬದ ಮೇಲೆ ತೋರಿಸಿದ. ಆ ದಿನ ಅಭಿಲಂಬ ಬಲ, ಅಂದರೆ ತಾಗಿದ ಮೈಗಳು ಒಂದನ್ನೊಂದು ನೇರವಾಗಿ ಒತ್ತುವ ಬಲ, ಅನ್ನುವ ಮಾತನ್ನು ನಾನು ಪ್ರತ್ಯೇಕವಾಗಿ ವಿವರಿಸಬೇಕಾಗಲಿಲ್ಲ.

ಇನ್ನು ಸೈಕಲ್.

ಮೊದಲ ಪ್ರಶ್ನೆ: ಚಕ್ರ ಉರುಳುವಾಗ ಟೈರು ರಸ್ತೆಯನ್ನು ಉಜ್ಜುತ್ತದೆಯಾ? ಉಜ್ಜುತ್ತದೆ ಅಂತ ಎಲ್ಲರ ಉತ್ತರ. ಚಾಕ್‌ಪೀಸ್ ಪುಡಿಯನ್ನು ನೀರಿನಲ್ಲಿ ಕಲಸಿ ಟೈರಿನ ಒಂದು ಜಾಗಕ್ಕೆ ಬೆರಳಗಲ ಹಚ್ಚಿಸುತ್ತೇನೆ. ಸಿಮೆಂಟ್ ಅಂಗಳದಲ್ಲಿ ಸೈಕಲ್ ತಳ್ಳಿಕೊಂಡು ಹೋದರೆ ಎರಡು ಮೀಟರಿಗೊಂದರಂತೆ ಬಿಳಿ ಗುರುತು ಬೀಳುತ್ತಾ ಹೋಗುತ್ತದೆ. ಬಗ್ಗಿ ನೋಡಿದರೆ ಟೈರಿನ ಗೆರೆಗಳೂ ಅದರಲ್ಲಿ ಅಚ್ಚಾಗಿರುತ್ತವೆ, ಎಲ್ಲೂ ಎಳೆದುಕೊಂಡಿರುವುದಿಲ್ಲ. ಈಗ ಮತ್ತೆ ಬಣ್ಣ ಹಚ್ಚಿ, ಹಿಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಸೈಕಲ್ಲನ್ನು ದೂಡಬೇಕು. ಬಣ್ಣ ಹಚ್ಚಿದ ಜಾಗ ಕೆಳಗಿರುವಾಗ ಹಿಡಿದರೆ ಉದ್ದಕ್ಕೆ ಒರೆಸಿದ ಪಟ್ಟಿ ಬೀಳುತ್ತದೆ.

ಮೊದಲ ಗುರುತು ಹೇಳುವುದಿಷ್ಟು. ಉರುಳುವ ಚಕ್ರದಲ್ಲಿ ನೆಲಕ್ಕೆ ತಾಗಿರುವ ಭಾಗ ಆ ಕ್ಷಣಕ್ಕೆ ನಿಂತೇ ಇದೆ. ಅಲ್ಲಿ ಕೆಲಸ ಮಾಡುತ್ತಿರುವುದು ಸ್ಥಾಯಿ ಘರ್ಷಣೆ. ಪೆಡಲ್ ತುಳಿದಾಗ ಹಿಂದಿನ ಚಕ್ರ ರಸ್ತೆಯನ್ನು ಹಿಂದಕ್ಕೆ ಒತ್ತುತ್ತದೆ, ರಸ್ತೆ ಅದನ್ನು ಮುಂದಕ್ಕೆ ತಳ್ಳುತ್ತದೆ. ನಾವು ನಡೆಯುವುದೂ ಹೀಗೇ. ಘರ್ಷಣೆ ಅಂದರೆ ಯಾವಾಗಲೂ ತಡೆಯುವುದು ಅಂತ ಕಲಿತ ಮಕ್ಕಳಿಗೆ ಸೈಕಲ್ಲನ್ನು ಮುಂದೆ ದೂಡುತ್ತಿರುವುದೇ ಘರ್ಷಣೆ ಅನ್ನೋದು ಸುಲಭಕ್ಕೆ ಒಪ್ಪಿಗೆಯಾಗಲ್ಲ. ಅವರಿಗೆ ನಾನು ಮಳೆಗಾಲದ ಅಂಗಳ ನೆನಪಿಸುತ್ತೇನೆ. ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಹಿಂದಕ್ಕೆ ಒತ್ತೋಕೆ ಹೋದರೆ ಹಿಂದಕ್ಕೇ ಜಾರುತ್ತದೆ, ನಾವು ಮುಂದೆ ಹೋಗುವುದಿಲ್ಲ. ಅದಕ್ಕೇ ಮನೆಯವರು ಅಡಿಕೆ ದಬ್ಬೆ ಹಾಸುತ್ತಾರೆ, ಮರಳು ಚೆಲ್ಲುತ್ತಾರೆ.

ಮರಳಿನ ಮಾತು ಬಂದಾಗ ರೈಲಿನ ಸಂಗತಿ ಹೇಳದೇ ಇರೋಕೆ ನನ್ನಿಂದಾಗಲ್ಲ. ನಮ್ಮ ಮಕ್ಕಳೆಲ್ಲ ಸಾಗರದ ಮೇಲೆ ತಾಳಗುಪ್ಪಕ್ಕೆ ಹೋಗುವ ರೈಲು ನೋಡಿದವರು. ರೈಲು ಎಂಜಿನ್‌ಗಳಲ್ಲಿ ಮರಳಿನ ಪೆಟ್ಟಿಗೆ ಇರುತ್ತದೆ. ಹಳಿ ಒದ್ದೆಯಾಗಿ ಚಕ್ರ ಸುಮ್ನೆ ತಿರುಗೋಕೆ ಶುರುವಾದರೆ ಚಾಲಕ ಚಕ್ರದ ಮುಂದೆ ಹಳಿಯ ಮೇಲೆ ಮರಳು ಬಿಡುತ್ತಾನೆ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿಯಲ್ಲಿ 50 ಮೀಟರ್ ಸಾಗಿದರೆ 1 ಮೀಟರ್ ಏರು. ಸೈಕಲ್ ಸವಾರನಿಗೆ ಇದು ದೊಡ್ಡ ಏರೇ ಅಲ್ಲ. ರೈಲಿಗೆ ಮಾತ್ರ ಹಿಂದಿನಿಂದ ತಳ್ಳೋಕೆ ಬೇರೆ ಎಂಜಿನ್‌ಗಳೇ ಬೇಕು. ಅಷ್ಟು ಭಾರವನ್ನು ಮೇಲಕ್ಕೆ ಎಳೆಯಬೇಕು, ಉಕ್ಕಿನ ಮೇಲೆ ಉಕ್ಕಿನ ಹಿಡಿತವೋ ಕಮ್ಮಿ.

ಎರಡನೇ ಗುರುತು, ಅಂದರೆ ಒರೆಸಿದ ಪಟ್ಟಿ, ಮಕ್ಕಳ ಜೀವಕ್ಕೆ ಸಂಬಂಧಿಸಿದ್ದು. ಬ್ರೇಕ್ ಹಿಡಿದು ಚಕ್ರ ನಿಂತೇಹೋದರೆ ಟೈರು ಜಾರೋಕೆ ಶುರು. ಸ್ಥಾಯಿ ಘರ್ಷಣೆಯ ಹಿಡಿತ ತಪ್ಪಿ ಜಾರು ಘರ್ಷಣೆಗೆ ಬಿದ್ದ ಹಾಗಾಯಿತು. ಇಟ್ಟಿಗೆ ಎಳೆಯುವಾಗ ಮುಳ್ಳು ಇಳಿದದ್ದು ನೆನಪಿದೆಯಲ್ಲ? ಇಲ್ಲೂ ತಡೆಯುವ ಬಲ ಇಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಜಾರುವ ಚಕ್ರ ಹ್ಯಾಂಡಲ್ ತಿರುಗಿಸಿದ ಕಡೆ ಹೋಗುವುದಿಲ್ಲ. ಬೈಕ್‌ಗಳಲ್ಲಿ ಬರುವ ಎಬಿಎಸ್ ಮಾಡುವುದು ಇಷ್ಟೇ ಕೆಲಸ: ಚಕ್ರ ಪೂರ್ತಿ ನಿಲ್ಲುವ ಹಂತಕ್ಕೆ ಬಂದರೆ ಬ್ರೇಕನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಹಿಡಿಯುವುದು. 125 ಸಿಸಿಗಿಂತ ದೊಡ್ಡ ಎಂಜಿನ್ನಿನ ಹೊಸ ಬೈಕ್‌ಗಳಿಗೆ ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಇದು ಕಡ್ಡಾಯ. ಸೈಕಲ್‌ನಲ್ಲಿ ಎಬಿಎಸ್ ಸವಾರನ ಬೆರಳೇ. ಅದನ್ನೇ ಅಭ್ಯಾಸ ಮಾಡಿಸುತ್ತೇನೆ. ಒಮ್ಮೆಲೇ ಅದುಮದೆ, ಎರಡೂ ಬ್ರೇಕ್‌ಗಳನ್ನು ಕ್ರಮೇಣ ಬಿಗಿ ಮಾಡುತ್ತಾ ಹೋಗುವುದು.

ಬ್ರೇಕ್ ರಬ್ಬರ್ ಮತ್ತು ರಿಮ್ ನಡುವಿನದು ಜಾರು ಘರ್ಷಣೆ. ಅಲ್ಲಿ ಅದು ಬೇಕು. ಇಳಿಜಾರಿನ ವೇಗವೆಲ್ಲ ಅಲ್ಲೇ ಬಿಸಿಯಾಗಿ ಕಳೆದುಹೋಗಬೇಕು. ಸೈಕಲ್ಲೂ ಸವಾರನೂ ಸೇರಿ 60 ಕಿಲೋ ಅಂದುಕೊಳ್ಳಿ. 50 ಮೀಟರ್ ಎತ್ತರದ ದಿಬ್ಬದಿಂದ ಬ್ರೇಕ್ ಹಿಡಿದುಕೊಂಡೇ ಇಳಿದರೆ ಸುಮಾರು 29 ಸಾವಿರ ಜೂಲ್ ಬಿಸಿ ಹುಟ್ಟುತ್ತದೆ. ಒಂದು ಲೀಟರ್ ನೀರನ್ನು 7 ಡಿಗ್ರಿ ಬಿಸಿ ಮಾಡುವಷ್ಟು. ಇಳಿದು ಬಂದ ಮಗುವಿಗೆ ರಿಮ್ ಮುಟ್ಟಿ ನೋಡು ಅಂದರೆ ಸಾಕು, ಘರ್ಷಣೆಯಿಂದ ಉಷ್ಣ ಅನ್ನುವ ಭಾಗ ಮುಗಿಯಿತು. ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಬೇಕು, ಉದ್ದದ ಇಳಿಜಾರಾದರೆ ಸುಡುತ್ತದೆ.

ಮಳೆಯಲ್ಲಿ ಇದೇ ಬ್ರೇಕ್ ಕೈ ಕೊಡುತ್ತದೆ. ಉಕ್ಕಿನ ರಿಮ್ ಒದ್ದೆಯಾದರೆ ರಬ್ಬರಿಗೂ ರಿಮ್‌ಗೂ ನಡುವೆ ನೀರಿನ ಪೊರೆ ನಿಲ್ಲುತ್ತದೆ. ಇದನ್ನು ಬಾಯಿಮಾತಲ್ಲಿ ಹೇಳಿದರೆ ಯಾವ ಮಗುವೂ ತಲೆಗೆ ಹಾಕಿಕೊಳ್ಳಲ್ಲ. ಹಾಗಾಗಿ ಮೈದಾನದಲ್ಲಿ ಅಳೆಸುತ್ತೇನೆ. ಸಣ್ಣ ಇಳಿಜಾರಿನಲ್ಲಿ ಒಂದೇ ಗುರುತಿನಿಂದ ತುಳಿಯದೆ ಉರುಳಿ ಬರಬೇಕು. ಸುಣ್ಣದ ಗೆರೆ ದಾಟಿದ ಕೂಡಲೇ ಬ್ರೇಕ್. ಎಲ್ಲಿ ನಿಂತಿತು ಅಂತ ಟೇಪ್ ಹಿಡಿದು ಅಳೆಯುವುದು. ಆಮೇಲೆ ರಿಮ್ ಮೇಲೆ ಒಂದು ತಂಬಿಗೆ ನೀರು ಸುರಿದು ಮತ್ತೆ ಅದೇ. ನಾವು ಅಳೆದಾಗ ಒದ್ದೆ ರಿಮ್‌ನಲ್ಲಿ ನಿಲ್ಲೋಕೆ ಬೇಕಾದ ದೂರ ಎರಡು ಪಟ್ಟಿಗೂ ಮೀರಿತು. ನಮ್ಮಪ್ಪ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ ಮಾತನ್ನು ಇಲ್ಲಿ ಮಕ್ಕಳಿಗೂ ಹೇಳುತ್ತೇನೆ. ಮಳೆಯಲ್ಲಿ ತಿರುವು ಬರುವ ಮೊದಲೇ ಬ್ರೇಕನ್ನು ಸ್ವಲ್ಪ ತಾಗಿಸಿಕೊಂಡು ಬನ್ನಿ. ಚಕ್ರ ನಾಲ್ಕಾರು ಸುತ್ತು ಬರುವಷ್ಟರಲ್ಲಿ ರಬ್ಬರ್ ರಿಮ್ ಮೇಲಿನ ನೀರನ್ನು ಒರೆಸಿರುತ್ತದೆ. ನಿಜವಾಗಿ ನಿಲ್ಲಿಸಬೇಕಾದಾಗ ಹಿಡಿತ ಸಿಗುತ್ತದೆ.

ಬ್ರೇಕ್ ಯಾಕೆ ಕೂಗುತ್ತದೆ ಅಂತ ಯಾರಾದರೊಬ್ಬರು ಕೇಳೇ ಕೇಳುತ್ತಾರೆ. ರಬ್ಬರ್ ರಿಮ್‌ಗೆ ಅಂಟುತ್ತದೆ, ಎಳೆದುಕೊಂಡು ಹೋಗುತ್ತದೆ, ಬಿಟ್ಟು ಹಿಂದೆ ಜಾರುತ್ತದೆ, ಮತ್ತೆ ಅಂಟುತ್ತದೆ. ಒಂದು ಸೆಕೆಂಡಿಗೆ ನೂರಾರು ಸಲ ಹೀಗಾದರೆ ಅದೇ ಕೂಗು. ಇಟ್ಟಿಗೆಯ ಆ ಥಟ್ ಅನ್ನುವ ಎಳೆತವೇ ಬಹಳ ಬೇಗಬೇಗ ಆಗುತ್ತಿದೆ. ಬಾಗಿಲು ಕಿರ್ ಅನ್ನೋದು ಇದರಿಂದಲೇ, ಬೋರ್ಡ್ ಮೇಲೆ ಚಾಕ್‌ಪೀಸ್ ಕೀಚಲು ದನಿ ಮಾಡೋದೂ ಇದರಿಂದಲೇ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದು ಕೂಡ ಹೀಗೇ. ಕಮಾನಿಗೆ ರಾಳ ಉಜ್ಜುವುದು ಅದು ತಂತಿಯನ್ನು ಚೆನ್ನಾಗಿ ಹಿಡಿದು ಹಿಡಿದು ಬಿಡಲಿ ಅಂತ. ಪಿಟೀಲು ಕಲಿಯುವ ಹುಡುಗಿ ಇದ್ದರೆ ತರಿಸಿ, ರಾಳ ಹಚ್ಚಿದ ಕಮಾನು, ಹಚ್ಚದ ಕಮಾನು ಎರಡನ್ನೂ ಕೇಳಿಸಿ. ಮಕ್ಕಳು ಆ ತರಗತಿಯನ್ನು ಮರೆಯುವುದಿಲ್ಲ.

ಈಗ ಮುಂದಿನ ಚಕ್ರ ಬಿಚ್ಚುವ ಹೊತ್ತು. ಕೆಳಗೆ ಹಳೇ ಪಂಚೆಯೊಂದನ್ನು ಹಾಸಿಕೊಳ್ಳಬೇಕು, ಇಲ್ಲದಿದ್ದರೆ ಬಾಲ್ಸ್ ಕಳೆದುಹೋಗುತ್ತವೆ. ನಟ್ ತೆಗೆದು, ಗುಂಡುಗಳನ್ನು ಒತ್ತಿ ಹಿಡಿಯುವ ಕೋನ್ ಸಡಿಲಿಸಿ ಅಚ್ಚನ್ನು ಹೊರಗೆಳೆದರೆ ಒಳಗೆ ಒಂದೊಂದು ಪಕ್ಕಕ್ಕೂ ಹತ್ತತ್ತು ಉಕ್ಕಿನ ಗುಂಡು. ಸಾಮಾನ್ಯ ಸೈಕಲ್‌ನಲ್ಲಿ ಮುಂದಿನ ಚಕ್ರಕ್ಕೆ 3/16 ಇಂಚಿನವು, ಹಿಂದಿನದಕ್ಕೆ 1/4 ಇಂಚಿನವು ಒಂಬತ್ತೊಂಬತ್ತು. ಗ್ರೀಸ್ ಒಣಗಿ ಕಪ್ಪು ಹಿಟ್ಟಿನ ಹಾಗಾಗಿರುತ್ತದೆ. ಡೀಸೆಲ್‌ನಲ್ಲಿ ತೊಳೆದು ಒರೆಸಿದರೆ ಗುಂಡುಗಳು ಥಳಥಳ ಹೊಳೆಯುತ್ತವೆ. ಹೊಳಪು ಹೋಗಿ ಚುಕ್ಕಿ ಬಿದ್ದದ್ದನ್ನು ಎಸೆದು ಆ ಪಕ್ಕದ ಅಷ್ಟೂ ಗುಂಡು ಹೊಸದು ಹಾಕಬೇಕು. ಹಳೇದು ಹೊಸದು ಸೇರಿಸಬಾರದು, ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸವಿದ್ದರೂ ಭಾರವೆಲ್ಲ ದೊಡ್ಡ ಗುಂಡಿನ ಮೇಲೇ ಬೀಳುತ್ತದೆ.

ತೊಳೆದ ಗುಂಡುಗಳನ್ನು ಒಂದು ಟೈಲ್ಸ್ ಮೇಲೆ ಹರಡಿ, ಇನ್ನೊಂದು ಟೈಲ್ಸ್ ಮುಚ್ಚಿ, ಮೇಲೆ ಅದೇ ಇಟ್ಟಿಗೆ ಇಟ್ಟು ತಕ್ಕಡಿಯಿಂದ ಎಳೆಯಿರಿ. ಟೈಲ್ಸ್‌ನ ನುಣುಪು ಮುಖ ಒಳಗಿರಲಿ, ಗುಂಡುಗಳೆಲ್ಲ ಒಂದೇ ಅಳತೆಯವಾಗಿರಲಿ. ಮುಳ್ಳು ಅಲ್ಲಾಡಿತೋ ಇಲ್ಲವೋ ಅನ್ನುವಷ್ಟರಲ್ಲಿ ಇಟ್ಟಿಗೆ ಹೊರಟಿರುತ್ತದೆ. ಎರಡು ಕಿಲೋ ಎಳೆತ ಬೇಕಿದ್ದ ಅದೇ ಇಟ್ಟಿಗೆ. ಇದು ಉರುಳು ಘರ್ಷಣೆ. ಸೈಕಲ್ ಚಕ್ರಕ್ಕೆ ಹೀಗೆ ಗುಂಡುಗಳನ್ನು, ಅಂದರೆ ಬಾಲ್ ಬೇರಿಂಗ್, ಹಾಕುವ ಪೇಟೆಂಟ್ ಫ್ರಾನ್ಸಿನ ಜೂಲ್ ಸುರಿರೇಗೆ ಸಿಕ್ಕಿದ್ದು 1869ರಲ್ಲಿ.

ಹಾಗಾದರೆ ಅದಕ್ಕೂ ಮೊದಲು ಚಕ್ರ ಇರಲಿಲ್ಲವಾ? ಇತ್ತು. ನಮ್ಮಜ್ಜನ ಎತ್ತಿನ ಗಾಡಿಯಲ್ಲಿ ಬೇರಿಂಗ್ ಇರಲಿಲ್ಲ. ಗಾಡಿಯ ಚಕ್ರ ನೆಲದ ಮೇಲೆ ಉರುಳುತ್ತದೆ, ನಿಜ. ಆದರೆ ಗುಂಬದ, ಅಂದರೆ ಚಕ್ರದ ನಡುವಿನ ದಪ್ಪ ಭಾಗದ, ಒಳಗೆ ಅಚ್ಚಿನ ಸುತ್ತ ಜಾರುತ್ತದೆ. ಒಂದೇ ಚಕ್ರದಲ್ಲಿ ಎರಡು ಬಗೆಯ ಘರ್ಷಣೆ. ಹೊರಗಿನದಕ್ಕೆ ಎಣ್ಣೆ ಬೇಕಿಲ್ಲ, ಒಳಗಿನದಕ್ಕೆ ಕೀಲೆಣ್ಣೆ ಇಲ್ಲದಿದ್ದರೆ ಗಾಡಿ ಹೋಗುವುದೇ ಇಲ್ಲ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಅಜ್ಜ ಕೀಲೆಣ್ಣೆ ಮಾಡುತ್ತಿದ್ದರು. ಅದನ್ನು ಇಟ್ಟ ಬಿದಿರಿನ ಗೊಟ್ಟ ಗಾಡಿಯ ಅಡಿಯಲ್ಲೇ ನೇತಾಡುತ್ತಿತ್ತು. ಹರಳೆಣ್ಣೆ ಗಟ್ಟಿ ಎಣ್ಣೆ. ಭಾರ ಬಿದ್ದರೂ ಬೇಗ ಹಿಂಡಿಹೋಗದೆ ಅಚ್ಚಿಗೂ ಗುಂಬಕ್ಕೂ ನಡುವೆ ಪೊರೆಯಾಗಿ ನಿಲ್ಲುತ್ತದೆ. ಎಣ್ಣೆ ಮಾಡುವ ಕೆಲಸವೇ ಅದು. ಎರಡು ಗಟ್ಟಿ ಮೈಗಳು ನೇರ ತಾಗದಂತೆ ನಡುವೆ ನಿಂತು, ಗಟ್ಟಿಯ ಮೇಲೆ ಗಟ್ಟಿ ಉಜ್ಜುವ ಬದಲು ಎಣ್ಣೆಯ ಪದರದ ಮೇಲೆ ಪದರ ಸರಿಯುವಂತೆ ಮಾಡುವುದು. ಎಣ್ಣೆಗೂ ಅದರದ್ದೇ ಘರ್ಷಣೆ ಇದೆ, ಅದನ್ನು ಸ್ನಿಗ್ಧತೆ ಅನ್ನುತ್ತೇವೆ. ಒಂದು ಶೀಶೆಯಲ್ಲಿ ಹರಳೆಣ್ಣೆ, ಇನ್ನೊಂದರಲ್ಲಿ ನೀರು ತುಂಬಿ ಎರಡಕ್ಕೂ ಒಂದೊಂದು ಬಾಲ್ ಬಿಟ್ಟರೆ ಮಕ್ಕಳಿಗೆ ಕಣ್ಣಲ್ಲೇ ಕಾಣುತ್ತದೆ.

ಚೈನಿಗೆ ಯಾವ ಎಣ್ಣೆ ಅನ್ನೋದರ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಮಕ್ಕಳು ಮನೆಯಲ್ಲಿರುವ ಕೊಬ್ಬರಿ ಎಣ್ಣೆ ಹಾಕಿಬಿಡುತ್ತಾರೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಕಡೆಯ ಚಳಿಗಾಲದ ಬೆಳಗ್ಗೆ ಚೈನ್ ಮೇಲೆ ಬೆಳ್ಳಗೆ ಕೂತಿರುತ್ತದೆ. ಬಿಸಿಲಿಗೆ ಕರಗಿದರೂ ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಗ್ಯಾರೇಜಿನಿಂದ ಬಿಟ್ಟಿ ಸಿಗುವ ಹಳೇ ಎಂಜಿನ್ ಆಯಿಲ್ಲೂ ಬೇಡ. ಅದರಲ್ಲಿ ಲೋಹದ ಸಣ್ಣ ಪುಡಿ ಇರುತ್ತದೆ, ಕೊಳೆ ಇರುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ಅಥವಾ ಹೊಸ ಎಂಜಿನ್ ಆಯಿಲ್ ಸಾಕು. ಚೈನಿನ ಒಂದೊಂದು ಗಂಟಿಗೂ ಒಂದೇ ಹನಿ. ನಾಲ್ಕು ಸುತ್ತು ಪೆಡಲ್ ತಿರುಗಿಸಿ, ಹೊರಗೆ ಉಳಿದದ್ದನ್ನೆಲ್ಲ ಬಟ್ಟೆಯಿಂದ ಒರೆಸಿಬಿಡಬೇಕು. ಘರ್ಷಣೆ ಇರುವುದು ಗಂಟಿನ ಒಳಗೆ. ಹೊರಗಿನ ಎಣ್ಣೆ ಧೂಳು ಕೂಡಿಸೋಕೆ ಮಾತ್ರ. ಚೊಕ್ಕವಾಗಿರುವ ಸೈಕಲ್ ಚೈನ್ ಎಷ್ಟು ಒಳ್ಳೆಯ ಯಂತ್ರ ಅಂದರೆ, 1999ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅಳೆದು ನೋಡಿದಾಗ ತುಳಿದ ಶಕ್ತಿಯಲ್ಲಿ ಶೇಕಡಾ 98.6ರವರೆಗೂ ಹಿಂದಿನ ಚಕ್ರಕ್ಕೆ ತಲುಪಿತ್ತು.

ಇಷ್ಟಾದ ಮೇಲೆ ನನಗೆ ಅತಿ ಇಷ್ಟವಾದ ಪ್ರಯೋಗ. ಉರುಳಿಸಿ ಅಳೆಯುವುದು. ಬ್ರೇಕ್ ಅಳೆದ ಅದೇ ಇಳಿಜಾರಿನ ಗುರುತಿನಿಂದ ಹೊರಟು, ತುಳಿಯದೆ, ಬ್ರೇಕ್ ಹಿಡಿಯದೆ ಮಟ್ಟಸ ಮೈದಾನದಲ್ಲಿ ಎಲ್ಲಿಯ ತನಕ ಹೋಗುತ್ತದೋ ಹೋಗಲಿ. ಸವಾರ ಒಬ್ಬನೇ ಇರಬೇಕು, ಕೂರುವ ಭಂಗಿ ಬದಲಾಗಬಾರದು, ಗಾಳಿ ಬೀಸದ ಹೊತ್ತು ನೋಡಿಕೊಳ್ಳಬೇಕು. ಮೊದಲು ಸೈಕಲ್ ಬಂದ ಸ್ಥಿತಿಯಲ್ಲೇ ಅಳೆಯುವುದು. ಆಮೇಲೆ ಹಬ್‌ಗಳಿಗೆ ಹೊಸ ಗ್ರೀಸ್ ತುಂಬಿ ಅಳೆಯುವುದು. ಕೊನೆಗೆ ಟೈರಿಗೆ ಗಾಳಿ ಹೊಡೆದು ಅಳೆಯುವುದು. ಒಂದು ಸಲಕ್ಕೆ ಒಂದೇ ಬದಲಾವಣೆ, ಇದರಲ್ಲಿ ರಾಜಿ ಇಲ್ಲ.

ಪ್ರತಿ ವರ್ಷವೂ ಮಕ್ಕಳು ಗ್ರೀಸ್ ಮೇಲೆ ಬಾಜಿ ಕಟ್ಟುತ್ತಾರೆ. ಕೈ ಕಪ್ಪು ಮಾಡಿಕೊಂಡು ಬಿಚ್ಚಿ ತೊಳೆದದ್ದು ಅದನ್ನೇ ಅಲ್ವಾ? ಗ್ರೀಸ್‌ನಿಂದ ಸೈಕಲ್ ಕೆಲವೇ ಮೀಟರ್ ಮುಂದೆ ಹೋಗುತ್ತದೆ. ಗಾಳಿ ಹೊಡೆದಾಗ ಮಾತ್ರ ಎಲ್ಲರೂ ಕೂಗಿಕೊಂಡು ಅದರ ಹಿಂದೆ ಓಡುತ್ತಾರೆ, ಅಷ್ಟು ದೂರ ಹೋಗುತ್ತದೆ. “ಮೇಡಂ, ಹಂಗಾದ್ರೆ ಘರ್ಷಣೆ ಇದ್ದಿದ್ದು ಟೈರಲ್ಲಾ?” ಅಂತ ಒಬ್ಬಳು ಕೇಳಿದಳು. ಹೌದು. ಕೋನ್ ವಿಪರೀತ ಬಿಗಿಯಾಗಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಬೇರಿಂಗ್‌ನಲ್ಲಿ ಕಳೆದುಹೋಗುವುದು ಬಹಳ ಕಮ್ಮಿ. ಟೈರಿನಲ್ಲಿ ಕಳೆದುಹೋಗುವುದು ಬಹಳ ಜಾಸ್ತಿ.

ಯಾಕೆ ಅಂತ ತೋರಿಸೋಕೆ ಗಾಳಿ ಕಮ್ಮಿ ಇರುವ ಟೈರಿನ ಮೇಲೆ ಒಬ್ಬರನ್ನು ಕೂರಿಸಿ, ಉಳಿದವರು ನೆಲದ ಮಟ್ಟಕ್ಕೆ ಬಗ್ಗಿ ನೋಡಬೇಕು. ಕೆಳಭಾಗ ಚಪ್ಪಟೆಯಾಗಿರುತ್ತದೆ. ಚಕ್ರ ತಿರುಗಿದಂತೆಲ್ಲ ಹೊಸ ಹೊಸ ಭಾಗ ಬಂದು ಚಪ್ಪಟೆಯಾಗಬೇಕು, ಮತ್ತೆ ಉಬ್ಬಬೇಕು. ಅದುಮೋಕೆ ನಾವು ಕೊಟ್ಟ ಶಕ್ತಿಯನ್ನು ಉಬ್ಬುವಾಗ ರಬ್ಬರ್ ಪೂರ್ತಿ ವಾಪಸ್ ಕೊಡುವುದಿಲ್ಲ. ಸ್ವಲ್ಪ ತಾನೇ ಬಿಸಿಯಾಗಿ ಉಳಿಸಿಕೊಳ್ಳುತ್ತದೆ. ಉರುಳು ಘರ್ಷಣೆಯಲ್ಲಿ ಉಜ್ಜುವುದಕ್ಕಿಂತ ಈ ಬಾಗಿ ಏಳುವುದರದ್ದೇ ದೊಡ್ಡ ಪಾಲು. ರೈಲಿನ ಚಕ್ರ, ಹಳಿ ಎರಡೂ ಉಕ್ಕು, ಬಾಗುವುದೇ ಇಲ್ಲ ಅನ್ನುವಷ್ಟು ಕಮ್ಮಿ. ಹಾಗಾಗಿ ಒಂದು ಟನ್ ತೂಕವನ್ನು ಮಟ್ಟಸ ಹಳಿಯ ಮೇಲೆ ಉರುಳುತ್ತಾ ಇಡೋಕೆ ಒಂದೆರಡು ಕಿಲೋ ಎಳೆತ ಸಾಕು. ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ಟೈರ್ ಹಾಕಿದ್ದನ್ನು ಇಲ್ಲೇ ಹೇಳುತ್ತೇನೆ. ಉಬ್ಬುತಗ್ಗಿನ ರಸ್ತೆಯಲ್ಲಿ ಗಟ್ಟಿ ರಬ್ಬರಿಗಿಂತ ಗಾಳಿ ಟೈರ್ ಸಲೀಸಾಗಿ ಉರುಳುತ್ತದೆ, ಗಾಳಿ ಸಾಕಷ್ಟು ಇದ್ದರೆ ಮಾತ್ರ. ಎಷ್ಟು ಗಾಳಿ ಅನ್ನೋದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಮಕ್ಕಳಿಗೆ ಅದನ್ನು ಓದೋಕೆ ಹೇಳಿ. ಬೆಳಗ್ಗೆ ಏರು ಹತ್ತಿ ಬರುವಾಗ ಕಾಲು ಸೋಲುತ್ತದೆ ಅನ್ನುತ್ತಿದ್ದ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಬೇಕಿದ್ದದ್ದು ಒಂದು ಪಂಪು, ಅಷ್ಟೇ.

ಉಳಿದದ್ದು ಮುಖಕ್ಕೆ ಬಡಿಯುವ ಗಾಳಿಯ ಘರ್ಷಣೆ. ನಿಧಾನ ಹೋಗುವಾಗ ಅದು ಗೊತ್ತೇ ಆಗುವುದಿಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಮೀರೋಕೆ ಪ್ರತಿ ಸೆಕೆಂಡಿಗೆ ಬೇಕಾದ ಶಕ್ತಿ ಎಂಟು ಪಟ್ಟು. ಒಳ್ಳೆಯ ಟೈರಿದ್ದು ನೆಟ್ಟಗೆ ಕೂತು ಹೋಗುವ ಹುಡುಗನಿಗೆ ಗಂಟೆಗೆ 13-15 ಕಿಲೋಮೀಟರ್ ಹೊತ್ತಿಗೆ ಟೈರಿನ ತಡೆಯನ್ನು ಗಾಳಿಯ ತಡೆ ಹಿಂದೆ ಹಾಕುತ್ತದೆ. ಇದನ್ನು ಪರೀಕ್ಷಿಸೋಕೆ ಉದ್ದನೆಯ ಇಳಿಜಾರು ಬೇಕು. ಒಮ್ಮೆ ನೆಟ್ಟಗೆ ಕೂತು, ಒಮ್ಮೆ ಹ್ಯಾಂಡಲ್ ಮೇಲೆ ಬಾಗಿ ಉರುಳಬೇಕು. ನಮ್ಮ ಮೈದಾನದಲ್ಲಿ ಅಷ್ಟು ವೇಗ ಬರುವುದಿಲ್ಲ, ರಸ್ತೆಗೆ ಮಕ್ಕಳನ್ನು ಬಿಡೋಕೆ ನಾನು ತಯಾರಿಲ್ಲ. ಹಾಗಾಗಿ ಇಲ್ಲಿ ಪ್ಲಾಸ್ಟಿಕ್ ಕವರಿನ ಪ್ಯಾರಾಚೂಟ್ ಮಹಡಿಯಿಂದ ಬಿಟ್ಟು, ಒಂದೇ ತೂಕದ ಎರಡು ಕಾಗದವನ್ನು ಒಂದು ಬಿಡಿಸಿ ಒಂದು ಉಂಡೆ ಮಾಡಿ ಬೀಳಿಸಿ ಮುಗಿಸುತ್ತೇನೆ.

ಮಾಡಿ ನೋಡಬೇಕು ಅನ್ನುವ ಶಿಕ್ಷಕರಿಗೆ ಕೆಲವು ಮಾತು. ಪೆಡಲ್ ತಿರುಗಿಸುವವರು ಯಾರು, ಚೈನ್ ಹತ್ತಿರ ಕೈ ಇಡುವವರು ಯಾರು ಅಂತ ಮೊದಲೇ ಗೊತ್ತು ಮಾಡಿ. ಚೈನ್ ಮತ್ತು ಹಲ್ಲಿನ ಚಕ್ರದ ನಡುವೆ ಬೆರಳು ಸಿಕ್ಕಿದರೆ ಹೋಯಿತು ಅಂತಲೇ ಲೆಕ್ಕ. ಡೀಸೆಲ್ ಕೆಲಸ ಬಯಲಲ್ಲೇ ಆಗಲಿ, ತೊಳೆದ ಕೊಳೆ ಡೀಸೆಲ್ ಬಾವಿ, ತೋಟದ ಕಡೆ ಹೋಗದಿರಲಿ. ಕೋನ್ ಬಿಗಿ ಮಾಡುವಾಗ ಚಕ್ರ ಅತ್ತಿತ್ತ ಅಲ್ಲಾಡಬಾರದು, ಎತ್ತಿ ಹಿಡಿದು ಬಿಟ್ಟರೆ ವಾಲ್ವ್ ಇರುವ ಕಡೆ ತಾನಾಗಿ ಕೆಳಗೆ ಬಂದು ನಿಲ್ಲಬೇಕು. ಅಲ್ಲಿಗೆ ಬಿಗಿ ಸರಿಯಿದೆ ಎಂದರ್ಥ. ರಿಮ್ ಮತ್ತು ಬ್ರೇಕ್ ರಬ್ಬರಿಗೆ ಗ್ರೀಸ್ ಕೈ ತಾಗಿದ್ದರೆ ಸೋಪಿನ ನೀರಿನಿಂದ ತೊಳೆದು ಒಣಗಿಸಿ, ನೀವೇ ಒಂದು ಸುತ್ತು ಹೋಗಿ ಬ್ರೇಕ್ ಹಿಡಿದು ನೋಡಿ. ಬಿಚ್ಚಿದ ಸೈಕಲ್ಲನ್ನು ಅದೇ ದಿನ ಜೋಡಿಸಿ ಮುಗಿಸಬೇಕು. ನಾಲ್ಕು ಗಂಟೆಯ ಗಂಟೆ ಹೊಡೆದ ಮೇಲೆ ಆ ಮಗು ಅದರಲ್ಲೇ ಮನೆಗೆ ಹೋಗಬೇಕಲ್ಲ.